ಬೋರ್ಡಿನ ಮುಂದೆ ಚೆನ್ನಾಗಿ ನಡೆಯಬೇಡ

ಪ್ರೀತಿಯ ಮಗಳೇ,

ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲೋ ಬೇಡವೋ ಎಂದು ಕೇಳಿದ್ದೀಯ. ಕೇಳಿದವಳು ನೀನಾದರೂ ಅನುಮಾನ ನಿನ್ನ ಅಮ್ಮನದು ಎಂದು ನನಗೆ ಗೊತ್ತು. ಸರ್ಟಿಫಿಕೇಟು ಕೈಗೆ ಬಂದರೆ ಊರಿಗೆಲ್ಲ ತಿಳಿಯುತ್ತದೆ, ನಾಳೆ ಗಂಡಿನ ಕಡೆಯವರಿಗೆ ಏನು ಹೇಳುವುದು ಎಂಬುದು ಅವಳ ಸಂಕಟ. ನನ್ನ ಅವ್ವನೂ ಹೀಗೇ. ಪೋಲಿಯೋದಿಂದ ಸೊರಗಿದ ಎಡಗಾಲು ಕಾಣಬಾರದೆಂದು ನನ್ನ ಲಂಗವನ್ನು ನೆಲಕ್ಕೆ ತಾಗುವಷ್ಟು ಉದ್ದ ಹೊಲಿಸುತ್ತಿದ್ದಳು. ಅದರ ಅಂಚು ಎಡವಿಸಿ ಬೀಳಿಸಿದ್ದೇ ಹೆಚ್ಚು. ಊರಿಗಂತೂ ಎಲ್ಲ ಗೊತ್ತೇ ಇತ್ತು. ನಾನು ಟೀಚರಾದ ಮೇಲೆ ಕಾಲಿನ ಕ್ಯಾಲಿಪರಿನ ಸದ್ದು ಕೇಳಿಯೇ ‘ಟೀಚರಮ್ಮ ಬಂದ್ರು’ ಅನ್ನುತ್ತಿದ್ದರು. ಆದ್ದರಿಂದ ಅರ್ಜಿ ಹಾಕು.

ಇದು ಬರೀ ಮಾಸಾಶನದ ಮಾತಲ್ಲ. ಓದುವ ಹುಡುಗಿ ನೀನು. ಅಂಗವೈಕಲ್ಯ ಶೇಕಡಾ 40 ಮುಟ್ಟಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ಸರ್ಕಾರಿ ಹುದ್ದೆಯಲ್ಲಿ ಶೇ 4ರಷ್ಟು ಮೀಸಲಾತಿಗೆ ಬಾಗಿಲು ತೆರೆಯುತ್ತದೆ. ವಿದ್ಯಾರ್ಥಿವೇತನ ಬೇರೆ. ಬಸ್ ಪಾಸು ನಿನಗೆ ಅಷ್ಟು ಮುಖ್ಯವಲ್ಲ, ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆ ತಲೆನೋವು ತಪ್ಪಿದೆ. ಹಾಗೆಯೇ ನಿನ್ನ ಗೆಳತಿಗೂ ಹೇಳು, ಅವಳ ತಮ್ಮನ ಥಲಸ್ಸೇಮಿಯಾ ಕೂಡ ಕಾಯ್ದೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆ ಇದ್ದದ್ದು ಈಗ 21 ಆಗಿದೆ. ಎಷ್ಟೋ ಮನೆಗಳಿಗೆ ಈ ಸುದ್ದಿಯೇ ತಲುಪಿಲ್ಲ.

ಅರ್ಜಿಯನ್ನು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ಮೊಬೈಲಿನಲ್ಲಿ ಆಗದಿದ್ದರೆ ನಿಮ್ಮ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯೂ ಅವರನ್ನು ಕೇಳು. ಇವರಲ್ಲಿ ಬಹಳ ಮಂದಿ ತಾವೂ ನಮ್ಮಂತೆಯೇ ಇರುವವರು, ಪುಡಿಗಾಸಿನ ಗೌರವಧನಕ್ಕೆ ಊರೂರು ತಿರುಗುವವರು. ಯಾವ ಆಸ್ಪತ್ರೆಯಲ್ಲಿ ಯಾವ ವಾರ ವೈದ್ಯಕೀಯ ಬೋರ್ಡು ಕೂರುತ್ತದೆ, ಕಿವಿ ಡಾಕ್ಟರು ರಜೆಯ ಮೇಲಿದ್ದಾರಾ ಎಂಬುದೆಲ್ಲ ಇವರಿಗೆ ಗೊತ್ತಿರುತ್ತದೆ. ನಿನ್ನದು ಕಾಲೂ ಹೌದು, ಕಿವಿಯೂ ಹೌದು. ಆದ್ದರಿಂದ ಮೂಳೆ ಡಾಕ್ಟರೂ ಕಿವಿ ಡಾಕ್ಟರೂ ಇಬ್ಬರೂ ಇರುವ ದಿನವೇ ಹೋಗು. ಹಳೆಯ ಎಕ್ಸ್‌ರೇ, ಆಪರೇಷನ್ ಚೀಟಿ, ಆಡಿಯೋಗ್ರಾಂ ಏನೇನಿದೆಯೋ ಎಲ್ಲವನ್ನೂ ಒಯ್ಯಿ.

ಇನ್ನು ಬೋರ್ಡಿನ ದಿನದ ಮಾತು. ನಾವು ಚಿಕ್ಕಂದಿನಿಂದ ಕಲಿತದ್ದು ಒಂದೇ ವಿದ್ಯೆ, ಆಗುತ್ತದೆ ಎಂದು ತೋರಿಸುವುದು. ಮೆಟ್ಟಿಲು ಹತ್ತಬಲ್ಲೆಯಾ ಎಂದರೆ ಹ್ಞೂಂ. ಕೇಳಿಸಿತಾ ಎಂದರೆ ಹ್ಞೂಂ, ಕೇಳಿಸದಿದ್ದರೂ ಹ್ಞೂಂ. ಎದುರಿನವರ ತುಟಿ ನೋಡಿ ಅಂದಾಜಿನ ಮೇಲೆ ನಗುವುದು ನಿನಗೆ ಎಷ್ಟು ರೂಢಿಯಾಗಿದೆ ಎಂದು ನಿನ್ನ ಅಕ್ಕನ ಮದುವೆಯಲ್ಲಿ ನೋಡಿದ್ದೇನೆ. ಆ ವಿದ್ಯೆಯನ್ನು ಆಸ್ಪತ್ರೆಯ ಗೇಟಿನ ಹೊರಗೇ ಬಿಟ್ಟು ಹೋಗು. ಡಾಕ್ಟರಿಗೆ ನಿನಗಾಗಿ ಸಿಗುವುದು ಕೆಲವೇ ನಿಮಿಷ. ಮಂಡಿ ಎಷ್ಟು ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ ಎಂದು ಅಳೆಯುತ್ತಾರೆ. ಹಲ್ಲು ಕಚ್ಚಿ ಚೆನ್ನಾಗಿ ನಡೆದು ತೋರಿಸಿದರೆ ಚೆನ್ನಾಗಿ ನಡೆಯುತ್ತಾಳೆ ಎಂದೇ ಬರೆಯುತ್ತಾರೆ. ದಿನವೂ ಹೇಗೆ ನಡೆಯುತ್ತೀಯೋ ಹಾಗೇ ನಡೆ. ಸಂಜೆ ಕಾಲು ಊದುತ್ತದೆ, ಸಂಡಾಸಿನಲ್ಲಿ ಕೂತರೆ ಏಳಲು ಗೋಡೆ ಬೇಕು ಎಂಬುದನ್ನೂ ನಾಚದೆ ಹೇಳು. ಹೆಚ್ಚಿಸಿ ಹೇಳಲೂ ಬೇಡ. ‘ಇಷ್ಟು ಕೊಡಿ, ಪರ್ಸೆಂಟೇಜು ನಾನು ಮಾಡಿಸ್ತೀನಿ’ ಎನ್ನುವವರು ಆಸ್ಪತ್ರೆಯ ಕ್ಯಾಂಟೀನಿನಲ್ಲೇ ಸಿಗುತ್ತಾರೆ, ಅವರಿಂದ ದೂರವಿರು. ಮೋಸದಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂದು ಅದೇ 2016ರ ಕಾಯ್ದೆ ಹೇಳುತ್ತದೆ. ಸಿಕ್ಕಿಬೀಳುವುದು ನೀನು, ಅವರಲ್ಲ.

ಈ ಪರ್ಸೆಂಟೇಜಿನ ಲೆಕ್ಕದಲ್ಲೇ ಬಹಳ ಜನ ಕೋಪ ಮಾಡಿಕೊಳ್ಳುವುದು. ಗಣಿತದ ಟೀಚರು ನಾನು, ಬಿಡಿಸಿಯೇ ಹೇಳುತ್ತೇನೆ. ಕಾಲಿಗೆ 50, ಕಿವಿಗೆ 30 ಬಂತು ಎಂದಿಟ್ಟುಕೋ. ಕೂಡಿಸಿ 80 ಎನ್ನುವಂತಿಲ್ಲ. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸುತ್ತಾರೆ. 63 ಆಗುತ್ತದೆ. ನಮ್ಮ ರಾಜ್ಯದ ಮಾಸಾಶನಕ್ಕೆ 75ರ ಗೆರೆ ಇದೆ. ಅದರ ಕೆಳಗಿದ್ದರೆ 800 ರೂಪಾಯಿ, ಮೇಲಿದ್ದರೆ 1,400. ಹಾಗಾಗಿ 80 ಎಂದು ಎಣಿಸಿಕೊಂಡು ಹೋದವರು ಡಾಕ್ಟರು ಕತ್ತರಿ ಹಾಕಿದರು ಎಂದು ಬೈದುಕೊಂಡು ಬರುತ್ತಾರೆ. ಕಾಲಿಗೇ ಕಡಿಮೆ ಬರೆದಿದ್ದಾರೆ ಎಂದು ನಿಜವಾಗಿ ಅನಿಸಿದರೆ ಮಾತು ಬೇರೆ, ಮೇಲ್ಮನವಿಗೆ ಕಾಯ್ದೆಯಲ್ಲೇ ಅವಕಾಶವಿದೆ. 800 ರೂಪಾಯಿಗೆ ಈಗ ಏನು ಬರುತ್ತದೆ ಎಂದು ನೀನು ಕೇಳಬಹುದು. ನಾನೂ ಅದನ್ನೇ ಕೇಳುತ್ತೇನೆ. ಆದರೂ ನಿನ್ನದೇ ಖಾತೆಗೆ ಬೀಳುವ ಹಣ, ಅಣ್ಣನ ಮುಂದೆ ಕೈಯೊಡ್ಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಮಾಸಾಶನದ ಅರ್ಜಿ ಬೇರೆಯದು. ಅದು ನಾಡಕಚೇರಿಯಲ್ಲಿ. ಅದಕ್ಕೆ ಆದಾಯದ ಮಿತಿಯಿದೆ, ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡು. ಎಲ್ಲಕ್ಕಿಂತ ಮುಂಚೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕನ್ನು ಪಕ್ಕಪಕ್ಕ ಇಟ್ಟು ಹೆಸರು ನೋಡು. ನಮ್ಮಲ್ಲಿ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ. ‘ಮಂಜೂರಾಗಿದೆ, ಆದರೆ ದುಡ್ಡು ಬಂದಿಲ್ಲ’ ಎಂದು ಅಲೆಯುವವರನ್ನು ಬ್ಯಾಂಕಿಗೆ ಕರೆದೊಯ್ದು ನೋಡಿದರೆ ಎಷ್ಟೋ ಸಲ ತೊಡಕು ಇಲ್ಲೇ ಇರುತ್ತದೆ.

ಅರ್ಜಿ ಕೊಟ್ಟ ತಕ್ಷಣ ಸಕಾಲ ರಸೀದಿ ಕೇಳಿ ಪಡೆ. ‘ಹೋಗಮ್ಮ, ಆಗುತ್ತೆ’ ಎಂಬ ಮಾತಿಗೆ ನಂಬರಿಲ್ಲ, ರಸೀದಿಗೆ ಇದೆ. ಆ ನಂಬರು ಹಿಡಿದು ಯಾರ ಟೇಬಲ್ಲಿನಲ್ಲಿ ನಿಂತಿದೆ ಎಂದು ಕೇಳಬಹುದು, ಅವಧಿ ಮೀರಿದರೆ ಮೇಲಿನವರಿಗೆ ದೂರು ಕೊಡಬಹುದು. ಕೂಗಾಡಬೇಡ, ಅಂಗಲಾಚಲೂ ಬೇಡ. ಮೂಲ ಪ್ರತಿಯನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡ, ಜೆರಾಕ್ಸ್ ಸಾಕು. ಸರ್ಟಿಫಿಕೇಟು ತಾತ್ಕಾಲಿಕವೆಂದು ಕೊಟ್ಟರೆ ಅವಧಿ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡು, ಮುಗಿದ ಮೇಲೆ ಓಡಾಡುವ ಕಷ್ಟ ಬೇಡ.

ಬೋರ್ಡಿಗೆ ಅಮ್ಮನನ್ನೂ ಕರೆದುಕೊಂಡು ಹೋಗು. ಅಲ್ಲಿ ಸಾಲಿನಲ್ಲಿ ಕೂತವರನ್ನು ಅವಳೂ ನೋಡಲಿ. ಡಾಕ್ಟರು ಕೇಳಿದ್ದಕ್ಕೆ ಮಾತ್ರ ನೀನೇ ಉತ್ತರ ಕೊಡು. ಅವಳಿಗೆ ಬಿಟ್ಟರೆ ‘ಏನೂ ಅಷ್ಟೊಂದಿಲ್ಲ ಸಾರ್’ ಅಂದುಬಿಡುತ್ತಾಳೆ.

ಇಂತಿ,
ನಿನ್ನ ಅತ್ತೆ