ಕಟ್ಟಡದ ಅಂದಾಜು ಪಟ್ಟಿಯಲ್ಲಿ ನೀರು ಮತ್ತು ಬೆಂಕಿ: ಸದಸ್ಯರು ಗಮನಿಸಬೇಕಾದ ಅಂಶಗಳು



ಅಂಗನವಾಡಿ, ಶಾಲಾ ಕೊಠಡಿ ಅಥವಾ ಪಂಚಾಯಿತಿ ಕಟ್ಟಡದ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ ಒಟ್ಟು ಮೊತ್ತದ ಜೊತೆಗೆ ಮೂರು ಬಾಬುಗಳನ್ನು ಓದುವುದು ಅಗತ್ಯ: ಮಳೆನೀರಿನ ನಿರ್ಗಮನ, ನೀರುನಿರೋಧಕ ಕೆಲಸ ಹಾಗೂ ಅಗ್ನಿ ಸುರಕ್ಷತೆ. ಇವುಗಳನ್ನು ‘ಇಡಿಗಂಟು ಮೊತ್ತ’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದರೆ ಯಾವ ಕೆಲಸವನ್ನು ಎಲ್ಲಿ, ಎಷ್ಟು ಮಾಡಬೇಕೆಂಬುದು ಗುತ್ತಿಗೆದಾರರಿಗೆ ಬದ್ಧವಾಗುವುದಿಲ್ಲ. ಅಳತೆ ಪುಸ್ತಕದಲ್ಲಿ ಪರಿಶೀಲಿಸಲೂ ಆಗುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಸೋರುವ ಕಾಂಕ್ರೀಟ್ ತಾರಸಿಯ ಮೇಲೆ ತಗಡಿನ ಮಾಡು ಹಾಕಿಸಿರುವ ಕಟ್ಟಡಗಳನ್ನು ಎಲ್ಲರೂ ಕಂಡಿದ್ದೇವೆ. ಒಂದೇ ಕಟ್ಟಡದ ಚಾವಣಿಗೆ ಸಾರ್ವಜನಿಕ ಹಣ ಎರಡು ಬಾರಿ ವೆಚ್ಚವಾಗುತ್ತದೆ.

1. ಮಳೆನೀರಿನ ನಿರ್ಗಮನ

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ಗಂಟೆಗೆ 100 ಮಿ.ಮೀ. ರಭಸದ ಮಳೆಯಲ್ಲಿ 100 ಚದರ ಮೀಟರ್ ತಾರಸಿಯಿಂದ ಗಂಟೆಗೆ 10,000 ಲೀಟರ್ ನೀರು ಇಳಿಯಬೇಕು. ಅಂತಹ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಇಳಿಕೊಳವೆ ಸುಮಾರು 40 ಚದರ ಮೀಟರ್ ತಾರಸಿಗೆ ಮಾತ್ರ ಸಾಲುತ್ತದೆ; ಆದ್ದರಿಂದ ಮೂರು ಕೊಳವೆಗಳು ಬೇಕು. ತಾರಸಿಯ ಇಳಿಜಾರು 100ಕ್ಕೆ 1ಕ್ಕಿಂತ ಕಡಿಮೆಯಿರಬಾರದು. ಅಂದರೆ 5 ಮೀಟರ್ ಉದ್ದಕ್ಕೆ ಕನಿಷ್ಠ 5 ಸೆಂ.ಮೀ. ಇಳಿಕೆ. ಕೊಳವೆಯ ನೀರು ಪಾಯದ ಬುಡದಲ್ಲಿ ನಿಲ್ಲದೆ ಚರಂಡಿಗೆ ಸೇರುವಂತೆ ನಕ್ಷೆಯಲ್ಲಿ ತೋರಿಸಿರಬೇಕು.

2. ನೀರುನಿರೋಧಕ ಕೆಲಸ

ನೀರು ಹೆಚ್ಚಾಗಿ ಒಳಗಿಳಿಯುವುದು ತಾರಸಿಯೂ ಪ್ಯಾರಾಪೆಟ್ ಗೋಡೆಯೂ ಸೇರುವ ಮೂಲೆಯಲ್ಲಿ ಮತ್ತು ಕೊಳವೆಯ ಬಾಯಿಯ ಸುತ್ತ. ಈ ಜಾಗಗಳ ಉಪಚಾರ, ಲೇಪನದ ವಿಧ, ಪದರಗಳ ಸಂಖ್ಯೆ ಮತ್ತು ಮೇಲಿನ ರಕ್ಷಣಾ ಗಾರೆಯ ದಪ್ಪವನ್ನು ಪ್ರತ್ಯೇಕವಾಗಿ ಬರೆಯಿಸಬೇಕು. ಜಂಬಿಟ್ಟಿಗೆ ಕಲ್ಲು ನೀರು ಹೀರುವುದರಿಂದ ಪಾಯದ ಮೇಲೆ ತೇವನಿರೋಧಕ ಪದರವನ್ನು ಬಿಡಬಾರದು. ರಕ್ಷಣಾ ಗಾರೆ ಹಾಕುವ ಮೊದಲು ತಾರಸಿಯಲ್ಲಿ ಕನಿಷ್ಠ 48 ಗಂಟೆ ನೀರು ನಿಲ್ಲಿಸಿ ಪರೀಕ್ಷಿಸುವುದು ಹಾಗೂ ಫಲಿತಾಂಶ ದಾಖಲಿಸುವುದು ಷರತ್ತಾಗಿರಲಿ.

3. ಅಗ್ನಿ ಸುರಕ್ಷತೆ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ ಸಂಭವಿಸಿದ ಬೆಂಕಿ ದುರಂತದಲ್ಲಿ 94 ಮಕ್ಕಳು ಮೃತಪಟ್ಟರು. 2009ರಲ್ಲಿ ಸುಪ್ರೀಂ ಕೋರ್ಟ್ ಶಾಲಾ ಕಟ್ಟಡಗಳ ಸುರಕ್ಷತೆಯ ಬಗ್ಗೆ ನಿರ್ದೇಶನ ನೀಡಿತು. ಆದ್ದರಿಂದ ಅಡುಗೆ ಕೋಣೆ ತರಗತಿಯಿಂದ ಪ್ರತ್ಯೇಕವಾಗಿರಲಿ. ಗ್ಯಾಸ್ ಸಿಲಿಂಡರ್‌ಗೆ ಗಾಳಿಯಾಡುವ ಹೊರಗಿನ ಜಾಗವಿರಲಿ. ಬಾಗಿಲು ಹೊರಕ್ಕೆ ತೆರೆಯಲಿ. ಎಬಿಸಿ ಮಾದರಿಯ ಒಣಪುಡಿ ಅಗ್ನಿನಂದಕ, ಕಟ್ಟಡದ ಯಾವುದೇ ಭಾಗದಿಂದ 15 ಮೀಟರ್ ಒಳಗೆ ಸಿಗುವಂತೆ, ಬಾಗಿಲ ಬಳಿ ಇರಬೇಕು. ಅದರ ವಾರ್ಷಿಕ ನಿರ್ವಹಣೆಯ ಮೊತ್ತವನ್ನೂ ಆಯವ್ಯಯದಲ್ಲಿ ಸೇರಿಸಬೇಕು.

ಶರಾವತಿ ಹಿನ್ನೀರಿನಾಚೆಯ ಬ್ಯಾಕೋಡು, ತುಮರಿ ಭಾಗಕ್ಕೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದ್ದು, ಲಾಂಚ್‌ಗೆ ಕಾಯುವ ತೊಂದರೆ ತಪ್ಪಿದೆ. ಆದರೂ ಸಾಗರದಿಂದ ಅಗ್ನಿಶಾಮಕ ವಾಹನ ಬರುವವರೆಗಿನ ಹೊತ್ತನ್ನು ನಿಭಾಯಿಸಬೇಕಾದುದು ಸ್ಥಳದಲ್ಲಿರುವ ಸಲಕರಣೆ ಮತ್ತು ಅದನ್ನು ಬಳಸಬಲ್ಲ ಸಿಬ್ಬಂದಿ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

- ಇಳಿಕೊಳವೆಗಳು ಎಷ್ಟು? ನೀರು ಎಲ್ಲಿಗೆ ಹೋಗುತ್ತದೆ?
- ನೀರು ನಿಲ್ಲಿಸುವ ಪರೀಕ್ಷೆ ಯಾವ ದಿನ? ಹಾಜರಿರುವವರು ಯಾರು?
- ಸೋರಿದರೆ ಎಷ್ಟು ವರ್ಷದವರೆಗೆ ಗುತ್ತಿಗೆದಾರರ ಹೊಣೆ?
- ಅಗ್ನಿನಂದಕ ಬಳಸಲು ತರಬೇತಿ ಪಡೆದವರು ಯಾರು?

ಇವುಗಳಿಗೆ ಅಭಿಯಂತರರ ಉತ್ತರವನ್ನು ನಡವಳಿಯಲ್ಲಿ ದಾಖಲಿಸಿದ ನಂತರವೇ ಅನುಮೋದನೆ ನೀಡುವುದು ಸೂಕ್ತ.