ಇಂದಿನ ಧಮ್ಮ ಚಿಂತನೆ: ಸರದಿ ಯಾರದು?

 

ಕಳೆದ ತಿಂಗಳು ನಮ್ಮ ಬಳಗದ ಹಿರಿಯ ಉಪಾಸಿಕೆಯೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸುದ್ದಿ ಗ್ರೂಪಿಗೆ ಬಂದ ಅರ್ಧ ಗಂಟೆಯಲ್ಲೇ ಕೈಮುಗಿದ ಚಿತ್ರಗಳು, 'ಬೇಗ ಗುಣವಾಗಲಿ' ಎಂಬ ಹಾರೈಕೆಗಳು ಸಾಲುಗಟ್ಟಿದವು. ನಾನೂ ಒಂದು ಹಾಕಿದೆ. ಹತ್ತು ದಿನದ ಮೇಲೆ ನೋಡಲು ಹೋದಾಗ ಅವರ ಸೊಸೆ ಹೇಳಿದಳು: "ಅಕ್ಕಾ, ಹತ್ತು ರಾತ್ರಿನೂ ನಾನೊಬ್ಬಳೇ ಕೂತಿದ್ದೀನಿ. ಒಂದು ರಾತ್ರಿ ಯಾರಾದ್ರೂ ಬಂದಿದ್ರೆ ಮನೆಗೆ ಹೋಗಿ ಮಕ್ಕಳನ್ನ ನೋಡಿ ಬರ್ತಿದ್ದೆ." ನಮ್ಮಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅದು ಯಾರ ಸರದಿಯೂ ಆಗಿರಲಿಲ್ಲ, ಅಷ್ಟೇ.

ವಿನಯಪಿಟಕದ ಮಹಾವಗ್ಗದಲ್ಲಿ ಬರುವ ರೋಗಿ ಭಿಕ್ಖುವಿನ ಪ್ರಸಂಗ ನಮಗೆಲ್ಲ ಗೊತ್ತು. ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ. ಬುದ್ಧರು ನೀರು ಸುರಿದರು, ಆನಂದರು ಮೈ ತೊಳೆದರು, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಕರುಣೆಯ ಪಾಠ ಎಂದು ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಮುಂದಿನ ಭಾಗವನ್ನೂ ಓದಬೇಕು. ಯಾಕೆ ನೋಡಿಕೊಳ್ಳಲಿಲ್ಲ ಎಂದು ಕೇಳಿದಾಗ, ಅವನಿಂದ ನಮಗೇನೂ ಉಪಯೋಗವಿರಲಿಲ್ಲ ಎಂದರು ಉಳಿದ ಭಿಕ್ಖುಗಳು. ಬುದ್ಧರು ಉಪದೇಶ ಕೊಟ್ಟು ಸುಮ್ಮನಾಗಲಿಲ್ಲ. ಉಪಾಧ್ಯಾಯರಿದ್ದರೆ ಅವರು ನೋಡಿಕೊಳ್ಳಬೇಕು, ಇಲ್ಲದಿದ್ದರೆ ಆಚಾರ್ಯರು, ಶಿಷ್ಯರು, ಜೊತೆಯವರು. ಯಾರೂ ಇಲ್ಲದಿದ್ದರೆ ಇಡೀ ಸಂಘವೇ ನೋಡಿಕೊಳ್ಳಬೇಕು. ತಪ್ಪಿದರೆ ದೋಷ. ಕರುಣೆಗೊಂದು ಸರದಿ ಪಟ್ಟಿ ಮಾಡಿಕೊಟ್ಟರು.

1950ರಲ್ಲಿ ಬಾಬಾಸಾಹೇಬರು ಬೌದ್ಧ ಧಮ್ಮದ ಭವಿಷ್ಯದ ಬಗ್ಗೆ ಮಹಾಬೋಧಿ ಪತ್ರಿಕೆಯಲ್ಲಿ ಬರೆದ ಲೇಖನ ನೆನಪಿಸಿಕೊಳ್ಳಿ. ಅಂದಿನ ಭಿಕ್ಖು ಸಂಘದಲ್ಲಿ ವಿದ್ಯೆಯೂ ಇಲ್ಲ ಸೇವೆಯೂ ಇಲ್ಲ ಎಂದು ಅವರು ಖಾರವಾಗಿಯೇ ಬರೆದರು. ಕ್ರೈಸ್ತ ಪಾದ್ರಿಗಳ ಕೆಲವು ಗುಣಗಳನ್ನು ಸಂಘ ಎರವಲು ಪಡೆಯಲಿ ಎಂದರು. ಭಾರತದ ಚರ್ಚುಗಳೊಳಗೂ ಜಾತಿ ಉಳಿದದ್ದನ್ನು ಟೀಕಿಸಿದವರೂ ಅವರೇ. ಆದ್ದರಿಂದ ಚರ್ಚಿನಿಂದ ಕಲಿಯುವುದೇನು ಎಂದು ಯಾರೂ ಮುಖ ಗಂಟಿಕ್ಕಬೇಕಾಗಿಲ್ಲ.

ಇವತ್ತು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಪಟ್ಟಣದ ಕಪ್ಪು ಜನರ ಚರ್ಚುಗಳನ್ನು ನೋಡೋಣ. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲವೆಂದು ರೋಸಾ ಪಾರ್ಕ್ಸ್ ಅವರನ್ನು ಬಂಧಿಸಿದರು. ಡಿಸೆಂಬರ್ 5, ಸೋಮವಾರ, ಬಸ್ ಬಹಿಷ್ಕಾರ. ಮೊದಲು ಕರೆ ಕೊಟ್ಟಿದ್ದು ಒಂದೇ ದಿನಕ್ಕೆ. ಆ ಸಂಜೆ ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನ ಒಳಗೂ ಹೊರಗೂ ತುಂಬಿದ್ದ ಸಾವಿರಾರು ಜನ ಮುಂದುವರಿಸೋಣ ಎಂದರು. ಅದು 381 ದಿನ ನಡೆಯಿತು.

26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ ಎಲ್ಲರಿಗೂ ನೆನಪಿದೆ. ಆದರೆ ಭಾಷಣ ಕೇಳಿದವರು ಮಾರನೇ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಲ್ಲ? ಬಸ್ಸು ಹತ್ತುತ್ತಿದ್ದವರಲ್ಲಿ ಮುಕ್ಕಾಲು ಪಾಲು ಅವರೇ. ಹೆಚ್ಚಿನವರು ಬಿಳಿಯರ ಮನೆಯಲ್ಲಿ ಅಡುಗೆ, ಬಟ್ಟೆ ಒಗೆಯುವ ಕೆಲಸದ ಹೆಂಗಸರು. ಮೊದಲು ಟ್ಯಾಕ್ಸಿಯವರು ಬಸ್ ದರಕ್ಕೇ, 10 ಸೆಂಟಿಗೆ, ಕರೆದೊಯ್ದರು. ಅಧಿಕಾರಿಗಳು 45 ಸೆಂಟಿಗಿಂತ ಕಡಿಮೆ ತೆಗೆದುಕೊಳ್ಳುವಂತಿಲ್ಲ ಎಂದು ಕಾನೂನು ತೋರಿಸಿದರು. ಆಗ ಕಾರಿದ್ದವರು ಚರ್ಚಿನ ಸಭೆಗಳಲ್ಲಿ ಹೆಸರು ಬರೆಸಿದರು, ಸುಮಾರು 300 ಕಾರು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಎಷ್ಟು ಗಂಟೆಗೆ, ಎಲ್ಲಕ್ಕೂ ಪಟ್ಟಿ. ಆಮೇಲೆ ದೇಣಿಗೆಯಿಂದ ದೊಡ್ಡ ಕಾರುಗಳನ್ನು ಕೊಂಡು ಒಂದೊಂದು ಚರ್ಚಿನ ಹೆಸರಿಗೆ ನೋಂದಾಯಿಸಿದರು. ಜನ ಅವುಗಳನ್ನು ಓಡಾಡುವ ಚರ್ಚು ಎಂದೇ ಕರೆದರು. ಸ್ಥಳೀಯವಾಗಿ ವಿಮೆ ರದ್ದಾದಾಗ ಲಂಡನ್ನಿನಿಂದ ವಿಮೆ ತಂದರು.

ಪೆಟ್ರೋಲಿನ ದುಡ್ಡು? ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಒಂದಷ್ಟು ಹೆಂಗಸರನ್ನು ಸೇರಿಸಿ ಕೇಕು, ಪೈ, ಕರಿದ ಕೋಳಿ ಮಾಡಿ ಮಾರಿದರು. ಬಂದ ಹಣವನ್ನು ವಾರವಾರ ಚರ್ಚಿನ ಸಭೆಯಲ್ಲಿ ಒಪ್ಪಿಸುತ್ತಿದ್ದರು. ಆ ಗುಂಪಿನ ಹೆಸರೇ 'ಎಲ್ಲಿಂದಲೂ ಅಲ್ಲದ ಕ್ಲಬ್'. ದುಡ್ಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ! ಹೆಸರು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಕಿಂಗ್ ಪರ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಗಿಲ್ಮೋರ್ ಅವರ ಕೆಲಸ ಹೋಗಿಯೇ ಹೋಯಿತು. ಆಕೆ ಮನೆಯಲ್ಲೇ ಊಟದ ವ್ಯವಸ್ಥೆ ಶುರುಮಾಡಿದರು. ಫ್ಲೆಕ್ಸಿನಲ್ಲಿ ಯಾರ ಫೋಟೋ ಮೇಲೆ, ಯಾರದು ಕೆಳಗೆ ಎಂದು ಜಯಂತಿಯ ಹಿಂದಿನ ದಿನ ಜಗಳವಾಡುವ ನಾವು ಈ ಹೆಂಗಸರ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಬೇಕು.

ಚರ್ಚು ಎಂದ ಮಾತ್ರಕ್ಕೆ ಇದೆಲ್ಲ ನಡೆಯಲಿಲ್ಲ ಎಂಬುದೂ ತಿಳಿದಿರಲಿ. ಅದೇ ಊರಿನ ಬಿಳಿಯರ ಚರ್ಚುಗಳಲ್ಲೂ ಅದೇ ಬೈಬಲ್ ಇತ್ತು, ಬಹುತೇಕ ಅವು ಮೌನವಾಗಿದ್ದವು. ಕಪ್ಪು ಜನರ ಚರ್ಚೊಂದರ ಬಿಳಿಯ ಪಾದ್ರಿ ರಾಬರ್ಟ್ ಗ್ರೇಟ್ಸ್ ತಾನೇ ಕಾರು ಓಡಿಸಿದರು. ಅವರ ಮನೆಗೂ ಬಾಂಬ್ ಬಿತ್ತು, ಕಿಂಗ್ ಮನೆಗೂ ಬಿತ್ತು. ಇನ್ನು ಡೆಕ್ಸ್‌ಟರ್ ಅವೆನ್ಯೂ ಚರ್ಚಿನಲ್ಲಿ ಕಿಂಗ್ 1954ರಲ್ಲಿ ಬಂದ ಹೊಸತರಲ್ಲೇ ಸಾಮಾಜಿಕ ಮತ್ತು ರಾಜಕೀಯ ಕಾರ್ಯ ಸಮಿತಿ ಮಾಡಿದ್ದರು. ಪ್ರತಿ ಸದಸ್ಯರೂ ಮತದಾರರಾಗಿ ನೋಂದಾಯಿಸಬೇಕು ಎಂದು ಅದು ಬೆನ್ನುಹತ್ತುತ್ತಿತ್ತು. ಹೋರಾಟ ಬರುವ ಮೊದಲೇ ಸಮಿತಿ ಇತ್ತು.

1956ರ ನವೆಂಬರ್ 13ರಂದು ಅಲ್ಲಿನ ಕೋರ್ಟು ಕಾರುಗಳ ವ್ಯವಸ್ಥೆಯನ್ನೇ ನಿಲ್ಲಿಸಿತು. ಅದೇ ದಿನ ಅಮೆರಿಕದ ಸುಪ್ರೀಂ ಕೋರ್ಟ್ ಬಸ್ಸಿನ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪನ್ನು ಎತ್ತಿಹಿಡಿಯಿತು. ಆದೇಶದ ಪ್ರತಿ ಊರಿಗೆ ಬಂದದ್ದು ಡಿಸೆಂಬರ್ 20ಕ್ಕೆ. ನಡುವಿನ ತಿಂಗಳಿಗೂ ಹೆಚ್ಚು ಕಾಲ ಅವರು ನಡೆದೇ ಓಡಾಡಿದರು, ನೆರೆಹೊರೆಯವರ ಕಾರು ಹಂಚಿಕೊಂಡರು.

ಆ ದಿನಾಂಕಗಳನ್ನು ಮತ್ತೊಮ್ಮೆ ನೋಡಿ. ಅವರು ನಡೆಯುತ್ತಿದ್ದ ಅದೇ ವರ್ಷ, ಅಕ್ಟೋಬರ್ 14ರಂದು, ನಾಗಪುರದಲ್ಲಿ ನಮ್ಮ ಹಿರಿಯರು ಧಮ್ಮ ದೀಕ್ಷೆ ಪಡೆದರು. ಮಾರನೇ ದಿನ ಬಾಬಾಸಾಹೇಬರು ಆದಾಯದ ಇಪ್ಪತ್ತನೇ ಒಂದು ಪಾಲು ಧಮ್ಮದ ಕೆಲಸಕ್ಕೆ ಕೊಡಿ ಎಂದರು. ಡಿಸೆಂಬರ್ 6ರಂದು ಅವರು ನಮ್ಮನ್ನು ಅಗಲಿದಾಗಲೂ ಮಾಂಟ್ಗೊಮರಿಯ ಜನ ಇನ್ನೂ ನಡೆಯುತ್ತಲೇ ಇದ್ದರು.

ದುಡ್ಡಿನ ಇಪ್ಪತ್ತನೇ ಪಾಲಿನ ಲೆಕ್ಕ ನಮ್ಮಲ್ಲಿ ಕೆಲವರು ಇಟ್ಟಿದ್ದೇವೆ. ಸಮಯದ ಲೆಕ್ಕ ಯಾರೂ ಇಟ್ಟಿಲ್ಲ. ಈ ಭಾನುವಾರ ವಂದನೆ ಮುಗಿದ ಮೇಲೆ ವಿಹಾರದಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತೇನೆ. ಹೆಸರು, ಬಿಡುವಿನ ದಿನ, ಮಾಡಬಲ್ಲ ಕೆಲಸ ಬರೆಯಿರಿ: ಮಕ್ಕಳಿಗೆ ಪಾಠ, ಪಿಂಚಣಿ ಅರ್ಜಿ ತುಂಬುವುದು, ಬೈಕಿನಲ್ಲಿ ಆಸ್ಪತ್ರೆಗೆ ಬಿಡುವುದು, ಏನಾದರೂ ಸರಿ. ಅಜ್ಜಿ ಈಗ ಮನೆಗೆ ಬಂದಿದ್ದಾರೆ, ಎದ್ದು ಓಡಾಡುವಂತಿಲ್ಲ, ರಾತ್ರಿ ಒಬ್ಬರು ಬೇಕು. ಮಂಗಳವಾರ ನಾನು ಹೋಗುತ್ತೇನೆ. ಬುಧವಾರ, ಶುಕ್ರವಾರ ಖಾಲಿ ಇವೆ.

ಜೈ ಭೀಮ್ 💙