ಹಾವಿನ ನೆಲೆ ಹುಡುಕುವ ಪಾಠ: ಒಂದು ಅವಲೋಕನ

ವಿಷಯ: ವಿಜ್ಞಾನ. ತರಗತಿ: 8. ಪಾಠಾಂಶ: ಪ್ರಾಣಿಗಳ ಆವಾಸ. ಅವಧಿ: 40 ನಿಮಿಷ.

ಈ ಪಾಠದ ಮೊದಲ ಯೋಜನೆಯಲ್ಲಿ ಚಟುವಟಿಕೆ ಹೀಗಿತ್ತು: "ಮಕ್ಕಳು ಜೋಡಿಗಳಾಗಿ ಬೇಲಿ, ಕಲ್ಲುಗುಪ್ಪೆ, ಗದ್ದೆಯ ಬದುಗಳಲ್ಲಿ ಹಾವು ಅಥವಾ ಹಾವಿನ ಪೊರೆ ಹುಡುಕುವುದು." ಬರೆದವರು ಪ್ರಶಿಕ್ಷಣಾರ್ಥಿ, ನೋಡಿ ಸಹಿ ಹಾಕಿದವನು ನಾನು. ಚಟುವಟಿಕೆ ಇದೆ ಎಂಬ ಸಮಾಧಾನದಲ್ಲಿ, ಕಲ್ಲು ಎತ್ತುವ ಕೈ ಯಾರದು ಎಂದು ನಾವಿಬ್ಬರೂ ಯೋಚಿಸಲಿಲ್ಲ. ಹಿಂದಿನ ದಿನ ಯೋಜನೆ ಓದಿದ ಶಾಲೆಯ ಮಾರ್ಗದರ್ಶಿ ಶಿಕ್ಷಕಿ, "ಸರ್, ಅರ್ಧ ಮಕ್ಕಳು ಚಪ್ಪಲಿನೂ ಹಾಕಿರಲ್ಲ" ಎಂದಷ್ಟೇ ಹೇಳಿದರು. ಆ ರಾತ್ರಿ ಯೋಜನೆಯನ್ನು ಮತ್ತೆ ಬರೆದೆವು. ಹೊಸ ಉದ್ದೇಶ ಇದು: ಹಾವು ಎಲ್ಲಿರಬಹುದು ಎಂಬುದನ್ನು ಮಕ್ಕಳು ಕಾರಣ ಸಹಿತ ಊಹಿಸಬೇಕು, ದೂರದಿಂದಲೇ ಗುರುತಿಸಬೇಕು.

ಪೀಠಿಕೆ
"ನಿಮ್ಮ ಮನೆಯ ಸುತ್ತ ಇಲಿ, ಕಪ್ಪೆ ಎಲ್ಲಿ ಹೆಚ್ಚು?" ಎಂದು ಕೇಳಿ ಉತ್ತರಗಳನ್ನು ಕರಿಹಲಗೆಯಲ್ಲಿ ಬರೆಯಲಾಯಿತು. ಹಾವಿಗೆ ಬೇಕಾದದ್ದು ಆಹಾರ, ಅಡಗುವ ಜಾಗ, ಹಿತವಾದ ಬಿಸಿ. ಈ ಮೂರೂ ಸೇರುವ ಕಡೆ ಅದರ ನೆಲೆ ಎಂದು ಮಕ್ಕಳೇ ತೀರ್ಮಾನಿಸಿದರು.

ಪಾಠದ ಬೆಳವಣಿಗೆ
ಮಕ್ಕಳು ಗುಂಪಿನಲ್ಲಿ ತಮ್ಮ ಊರಿನ ನಕ್ಷೆ ಬರೆದು, ಇಂಥ ಜಾಗಗಳಿಗೆ ಕೆಂಪು ಚುಕ್ಕಿ ಇಟ್ಟರು. ಬೇರೆ ಶಾಲೆಗಳಲ್ಲಿ ಈ ಪಾಠ ಮಾಡುವವರು ಅಲ್ಲಿನ ನೆಲಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಬೇಕು. ಹೊಳೆನರಸೀಪುರದ ಕಡೆ ಹೇಮಾವತಿ ನಾಲೆಯ ಭತ್ತದ ಗದ್ದೆ, ಕಬ್ಬು. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಸೌದೆ ರಾಶಿ. ಚನ್ನರಾಯಪಟ್ಟಣದಲ್ಲಿ ತೆಂಗಿನ ಗರಿ, ಮಟ್ಟೆಗಳ ರಾಶಿ ಮತ್ತು ಒಣ ಕಲ್ಲುನೆಲ. ಹಾಸನದ ಸುತ್ತ ರಾಗಿಹುಲ್ಲಿನ ಮೆದೆ, ಆಲೂಗಡ್ಡೆ ಹೊಲದ ಬದು.

ಇಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ಬಾಲದಲ್ಲಿ ಗಿಲಕಿ ಆಡ್ಸೋ ಹಾವು ನಮ್ಮಲ್ಲಿಲ್ವಾ? ಮೊಬೈಲ್‌ನಲ್ಲಿ ನೋಡಿದೀನಿ." ಯೋಜನೆಯಲ್ಲಿ ಇಲ್ಲದ ಈ ಪ್ರಶ್ನೆಯೇ ಪಾಠದ ಮುಖ್ಯ ಭಾಗವಾಯಿತು. ಆ ಗಿಲಕಿ ಹಾವು, ಅಂದರೆ ರಾಟಲ್‌ಸ್ನೇಕ್, ಅಮೆರಿಕ ಖಂಡಗಳಲ್ಲಿ ಮಾತ್ರ ಇದೆ. ಅದರ ಗಿಲಕಿ ನಮ್ಮ ಉಗುರಿನಲ್ಲಿರುವ ಕೆರಟಿನ್‌ನಿಂದಲೇ ಆದದ್ದು. ಪೊರೆ ಬಿಟ್ಟಾಗಲೆಲ್ಲ ಒಂದು ಗಂಟು ಸೇರುತ್ತದೆ. ಅಮೆರಿಕದ ಆಗ್ನೇಯ ಕರಾವಳಿಯ ಮರಳುದಿಬ್ಬ, ಪೈನ್ ಕಾಡುಗಳಲ್ಲಿ ಇರುವ ದೊಡ್ಡ ಜಾತಿಯೊಂದು ಆಮೆ ತೋಡಿದ ಬಿಲದಲ್ಲಿ ಅಡಗುತ್ತದೆ. ಅಲ್ಲಿ ಅದನ್ನು ಹುಡುಕುವವರು ಮೊದಲು ನೋಡಬೇಕಾದದ್ದು ಬಿಲವನ್ನು. ನಮ್ಮ ಮಕ್ಕಳು ಕೆಂಪು ಚುಕ್ಕಿ ಇಟ್ಟದ್ದೂ ಇದೇ ಕ್ರಮದಲ್ಲಿ.

"ಹಾಗಾದ್ರೆ ನಮ್ಮ ಹಾವು ಸದ್ದು ಮಾಡಲ್ವಾ?" ಎಂಬುದು ಮುಂದಿನ ಪ್ರಶ್ನೆ. ಕೊಳಕುಮಂಡಲ ಕುಕ್ಕರ್ ಆವಿ ಬಿಟ್ಟಂತೆ ಜೋರಾಗಿ ಬುಸುಗುಟ್ಟುತ್ತದೆ. ಗರಗಸ ಮಂಡಲ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತದೆ. ನಾಗರ ಹೆಡೆ ಎತ್ತುತ್ತದೆ. ಆದರೆ ಕಟ್ಟುಹಾವು ರಾತ್ರಿ ಸದ್ದಿಲ್ಲದೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚಬಹುದು. ನೋವು, ಗುರುತು ಎರಡೂ ಕಾಣದೆ ಇರಬಹುದು. ಸದ್ದು ಮಾಡುವ ಹಾವೂ ತುಳಿದ ಮೇಲೆ ಕಾಯುವುದಿಲ್ಲ. "ಸದ್ದು ಇಲ್ಲದಿದ್ದರೆ ಹಾವೂ ಇಲ್ಲ" ಎಂಬ ತಪ್ಪು ಕಲ್ಪನೆಯನ್ನು ಈ ಹಂತದಲ್ಲೇ ತಿದ್ದಬೇಕು.

ಕಡಿತವಾದರೆ
ಈ ನಾಲ್ಕು ಹಾವುಗಳ ವಿಷಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. ಆದ್ದರಿಂದ ಹಾವನ್ನು ಹಿಡಿದೋ ಕೊಂದೋ ತರಬೇಕಿಲ್ಲ. ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ. ಪ್ರತಿ ಪ್ರಕರಣವೂ ವರದಿಯಾಗಬೇಕು.

ಮೌಲ್ಯಮಾಪನ
ಪ್ರಶ್ನೆ: "ರಾತ್ರಿ ನೀರು ಕಟ್ಟಲು ಹೊರಟ ಅಪ್ಪನಿಗೆ ನೀನು ಏನು ಹೇಳುವೆ?" ಹೆಚ್ಚಿನವರು ಟಾರ್ಚು, ಬೂಟು, ಕೋಲು ಎಂದು ಬರೆದರು. ಒಬ್ಬ ಹುಡುಗಿ ಬರೆದದ್ದು: "ರಾತ್ರಿ ಹೋಗಬೇಡಿ ಅನ್ನುತ್ತೇನೆ. ಆದರೆ ಮೋಟರಿಗೆ ಕರೆಂಟು ಕೊಡುವುದೇ ರಾತ್ರಿ." ಪ್ರಶಿಕ್ಷಣಾರ್ಥಿ ಇದಕ್ಕೆ ಎಷ್ಟು ಅಂಕ ಕೊಡುವುದೆಂದು ನನ್ನನ್ನು ಕೇಳಿದರು. ಪೂರ್ತಿ ಅಂಕ ಕೊಡಿ ಎಂದೆ. ಆವಾಸವೆಂದರೆ ಹಾವೂ ಮನುಷ್ಯನೂ ಒಂದೇ ಹೊತ್ತಿಗೆ ಒಂದೇ ಬದುವಿನ ಮೇಲೆ ಇರುವುದು. ಅದನ್ನು ಆಕೆ ಅರಿತಿದ್ದಾಳೆ.

ಪ್ರಶಿಕ್ಷಣಾರ್ಥಿಗಳಿಗೆ
ಮಕ್ಕಳನ್ನು ಹೊರಗೆ ಕರೆದೊಯ್ಯುವ ಮುನ್ನ ಆ ದಾರಿಯಲ್ಲಿ ನೀವು ಒಮ್ಮೆ ನಡೆದು ಬನ್ನಿ. ವೀಕ್ಷಣೆ ದಾರಿಯ ಮೇಲೆ ನಿಂತೇ ನಡೆಯಲಿ. ಕಲ್ಲು ಎತ್ತುವುದು, ಬಿಲಕ್ಕೆ ಕೋಲು ಹಾಕುವುದು ಬೇಡ. ಹಾವು ಕಂಡರೆ ಹಿಂದೆ ಸರಿದು ದೊಡ್ಡವರಿಗೆ ತಿಳಿಸುವುದಷ್ಟೇ ಮಕ್ಕಳ ಕೆಲಸ. ಯೋಜನೆಗೆ ಸಹಿ ಹಾಕುವ ನಾವೂ ಚಟುವಟಿಕೆಯ ಪ್ರತಿ ಸಾಲನ್ನು ಬರಿಗಾಲಿನ ಮಗುವೊಂದನ್ನು ನೆನೆದು ಓದಬೇಕು.